ಜಮಾದಾರನ ತೂಕ

ಜನವರಿ ೧೨

ತಮ್ಮಾ,

ನಿನ್ನ ಜಮಾದಾರನ ಹಿಂಗಾಲುಗಳು ಕೈಕೊಟ್ಟಿವೆ. ಕಾಲು ಕೈಕೊಡುವುದು ಹೇಗೆ ಎಂದು ನಗಬೇಡ, ಬೇರೆ ಮಾತು ಹೊಳೆಯಲಿಲ್ಲ. ಬೆಳಗ್ಗೆ ಏಳುವಾಗ ಮುಂದಿನ ಅರ್ಧ ನಾಯಿ ಏಳುತ್ತದೆ, ಹಿಂದಿನ ಅರ್ಧ ನೆಲದ ಮೇಲೇ ಉಳಿಯುತ್ತದೆ. ಆಮೇಲೆ ನನ್ನ ಮುಖ ನೋಡುತ್ತಾನೆ, ಎಲ್ಲ ನನ್ನದೇ ಕಿತಾಪತಿ ಎಂಬಂತೆ. ನೀನು ಹಡಗು ಹತ್ತಿದ ಮೇಲೂ ಒಂದು ದಿನ ತಪ್ಪದೆ ನಮ್ಮ ಮಹಡಿಯ ಎಲ್ಲ ಬಾಗಿಲುಗಳನ್ನೂ ಮೂಸಿ ಗಸ್ತು ಮುಗಿಸಿ ಬರುತ್ತಿದ್ದ. ಈಗ ಪಕ್ಕದ ಬಾಗಿಲಿಗೇ ಗಸ್ತು ಮುಗಿಯುತ್ತದೆ.

ಪಶುವೈದ್ಯೆ ಬೀದಿಯ ಕೊನೆಯ ಮನೆಯ ಬೆಕ್ಕು ನೋಡಲು ಬಂದಿದ್ದಳು. ಬಿಡದೆ ಮೇಲಕ್ಕೆ ಕರೆತಂದೆ. ಸೊಂಟದ ಕೀಲು ಸವೆದಿದೆಯಂತೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲವಂತೆ. ನೋವಿಗೆ ಮಾತ್ರೆ ಕೊಟ್ಟು, ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ಜೊತೆಗೆ ಕೀಲಿಗೆ ಅಂತ ಒಂದು ಪೂರಕ ಆಹಾರ ಕೊಡಿ. ಅಂಗಡೀಲಿ ಸಿಗುತ್ತೆ. ತೂಕ ನೋಡಿ ಆರಿಸ್ಕೊಳ್ಳಿ." 

ಅಂಗಡಿಗೆ ಹೋದರೆ ಒಂದು ಗೋಡೆ ತುಂಬ ಕೀಲಿನ ಡಬ್ಬಗಳೇ. ಪುಡಿ, ಎಣ್ಣೆ, ಮಾತ್ರೆ, ಬಿಸ್ಕತ್ತಿನಂತೆ ಅಗಿಯುವಂಥದ್ದು. ಎಲ್ಲದರ ಮೇಲೂ ಒಂದು ನಾಯಿ ಗಾಳಿಯಲ್ಲಿ ಹಾರುತ್ತಿದೆ. ಅಂಗಡಿಯ ಹುಡುಗಿ ಏನೇನೋ ಹೇಳಿದಳು, ಗಿರಣಿಯ ಮಗ್ಗಗಳು ನನ್ನ ಕಿವಿಯನ್ನು ಎಂದೋ ತಿಂದು ಹಾಕಿವೆ, ಒಂದೂ ತಿಳಿಯಲಿಲ್ಲ. ನಾಲ್ಕು ಡಬ್ಬಗಳ ಮೇಲಿದ್ದದ್ದನ್ನು ಇದ್ದ ಹಾಗೇ ಬರೆದುಕೊಂಡು ಬಂದಿದ್ದೇನೆ. ಹಾಳೆ ಇದರೊಳಗಿದೆ. ನೀನು ಓದಿದವನು, ಯಾವುದು ಎಂದು ನೀನೇ ಹೇಳು.

ತೂಕ ಇಪ್ಪತ್ತಾರು ಕೆಜಿ. ಕೆಳಗಿನ ಲಾಂಡ್ರಿಯವನ ಹತ್ತಿರ ಬಟ್ಟೆಗಂಟು ತೂಗುವ ದೊಡ್ಡ ತಕ್ಕಡಿ ಇದೆಯಲ್ಲ, ಅದರ ಮೇಲೆ. ಒಬ್ಬನನ್ನೇ ನಿಲ್ಲಿಸಿದರೆ ಹಲಗೆ ಅಲ್ಲಾಡುತ್ತದೆ, ಕಾಲು ಜಾರುತ್ತದೆ, ಕಿರುಚುತ್ತಾನೆ. ಅದಕ್ಕೆ ನಾನೇ ಹಲಗೆಯ ಮೇಲೆ ಕೂತು ಅವನನ್ನು ತೊಡೆಯ ಮೇಲೆ ಹಾಕಿಕೊಂಡೆ. ಇಬ್ಬರೂ ಸೇರಿ ತೊಂಬತ್ತೇಳು. ನನ್ನ ಎಪ್ಪತ್ತೊಂದು ಕಳೆದೆ. ನನ್ನದು ಗಿರಣಿಯ ಡಾಕ್ಟರು ನನ್ನ ಕೆಲಸದ ಕೊನೆಯ ದಿನ ತೂಗಿ ಹೇಳಿದ್ದು, ಅದು ಬದಲಾಗುವ ಜಾತಿಯದಲ್ಲ.

ಎರಡು ಮಹಡಿ ಇಳಿಯಲಾರದ ನಾಯಿಯನ್ನು ಈ ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ವರ್ಷದ ಕೊನೆಗೆ ನೀನು ಬರುವಾಗ ಅವನು ಕಾಲ ಮೇಲೆ ನಿಂತಿರಬೇಕು. ನನಗೆ ಬೇರೇನೂ ಬೇಡ.

ಅಕ್ಕ


ಫೆಬ್ರವರಿ ೩

ಅಕ್ಕಾ,

ಸರಕಿನ ದೋಣಿ ನಿನ್ನೆ ಬಂತು, ನಿನ್ನ ಕಾಗದವೂ ಬಂತು. ಇಲ್ಲಿ ಬಂದರಿನ ಬಾಯಲ್ಲಿ ಹೂಳೆತ್ತುತ್ತಿದ್ದೇವೆ. ನಾವು ಎತ್ತಿದಷ್ಟನ್ನು ಸಮುದ್ರ ಮತ್ತೆ ತಂದು ಸುರಿಯುತ್ತದೆ. ಎಂಜಿನ್ ಕೋಣೆಯಿಂದ ಮೇಲೆ ಬಂದರೆ ನೀರು, ಕೆಳಗೆ ಹೋದರೆ ಎಣ್ಣೆ.

ನಿನ್ನ ಹಾಳೆಯನ್ನು ನಾನೂ ನಮ್ಮ ಅಡುಗೆಯವರೂ ಕೂತು ಓದಿದೆವು. ಅವರು ಹಿಂದೆ ಬೇಟೆನಾಯಿಗಳನ್ನು ಸಾಕಿದ್ದರಂತೆ. ಊಟಕ್ಕೆ ಉಪ್ಪು ಹಾಕಲು ಮರೆಯುವ ಮನುಷ್ಯ, ನಾಯಿ ವಿಷಯದಲ್ಲಿ ಮಾತ್ರ ಒಂದೂ ಮರೆತಿಲ್ಲ. ಮೊದಲನೆಯದು ಬೇಡ, ಹಾರುವ ನಾಯಿಯ ಚಿತ್ರ ದೊಡ್ಡದು, ಒಳಗೆ ಎಷ್ಟು ಔಷಧಿ ಇದೆ ಎಂದು ಎಲ್ಲೂ ಬರೆದಿಲ್ಲ. ಮೂರನೆಯದರಲ್ಲಿ ಸಕ್ಕರೆಯೇ ಜಾಸ್ತಿ. ನಾಲ್ಕನೆಯದು ಬರೀ ಮೀನೆಣ್ಣೆ, ಅದು ಆಮೇಲೆ ನೋಡೋಣ. ಎರಡನೆಯದನ್ನು ತಗೋ. ಕೀಲಿಗೆ ಬೇಕಾದ ಗ್ಲುಕೋಸಮಿನ್ ಜೊತೆಗೆ ಕಡಲ ಚಿಪ್ಪುಮೀನಿನ ಪುಡಿ ಇದೆ, ಒಂದು ಮಾತ್ರೆಯಲ್ಲಿ ಎಷ್ಟು ಎಂದೂ ಬರೆದಿದ್ದಾರೆ. ಇಪ್ಪತ್ತೈದು ಕೆಜಿ ದಾಟಿದ ನಾಯಿಗೆ ದಿನಕ್ಕೆ ಎರಡು. ಆರರಿಂದ ಎಂಟು ವಾರ ಬೇಕು ಎಂದಿದೆ, ಹತ್ತು ದಿನಕ್ಕೇ ಗುಣ ಕಾಣಲಿಲ್ಲ ಎಂದು ಅಂಗಡಿಯ ಹುಡುಗಿಯ ಮೇಲೆ ಜಗಳಕ್ಕೆ ಹೋಗಬೇಡ. ಪ್ರತಿ ಕಾಗದದಲ್ಲೂ ತೂಕ ಬರೆ. ತೂಕ ತಪ್ಪಿದರೆ ಎಲ್ಲ ತಪ್ಪುತ್ತದೆ ಎಂದು ಅಡುಗೆಯವರು ಹೇಳುತ್ತಾರೆ.

ಬಂದರಿನಲ್ಲಿ ಹಗ್ಗದ ಸುರುಳಿಯೊಳಗೆ ಸಿಕ್ಕಿದ ಅಂಗೈಯಷ್ಟು ಮರಿ ಅದು. ನನ್ನ ಜೇಬಿನಲ್ಲಿ ಕೂತು ಮನೆಗೆ ಬಂದವನು. ಅವನು ಎದ್ದು ಓಡಾಡಬೇಕು ಅಕ್ಕಾ.

ನೀನು ಹೇಗಿದ್ದೀಯ ಎಂದು ಬರೆದೇ ಇಲ್ಲ. ಕಲ್ಲುಗುಂಡಿನಂತೆ ಇದ್ದೀಯ ಎಂದುಕೊಂಡಿದ್ದೇನೆ.

ತಮ್ಮ


ಮಾರ್ಚ್ ೯

ತಮ್ಮಾ,

ಎರಡನೆಯ ಡಬ್ಬ ತಂದೆ. ಮುಚ್ಚಳ ತೆಗೆದರೆ ಮನೆಯೆಲ್ಲ ಮೀನು ಕೊಳೆತ ಬಂದರು ದಕ್ಕೆಯ ವಾಸನೆ. ಮಾತ್ರೆಯನ್ನು ಬ್ರೆಡ್ಡಿನಲ್ಲಿ ಅಡಗಿಸಿ ಕೊಟ್ಟರೆ ಬ್ರೆಡ್ಡು ತಿಂದು ಮಾತ್ರೆಯನ್ನು ಮಾತ್ರ ನೀಟಾಗಿ ನನ್ನ ಪಾದದ ಮೇಲೆ ಉಗಿಯುತ್ತಾನೆ. ಈಗ ಮೊಟ್ಟೆಯ ಹಳದಿಯಲ್ಲಿ ಕಲಸುತ್ತೇನೆ. ಅದಕ್ಕೆ ಒಪ್ಪಿದ್ದಾನೆ.

ಗುಣವೇನೂ ಕಂಡಿಲ್ಲ. ಹೊಟ್ಟೆಯ ಕೆಳಗೆ ಟವೆಲ್ಲು ಹಾಕಿ ಹಿಂಭಾಗ ಎತ್ತಿ ಹಿಡಿದರೆ ಮೆಟ್ಟಿಲು ಇಳಿಯುತ್ತಾನೆ. ಮೊದಲು ಒಂದೇ ಉಸಿರಿಗೆ ಇಳಿಯುತ್ತಿದ್ದೆವು, ಈಗ ನಡುವಿನ ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳುತ್ತೇವೆ. ಇಬ್ಬರೂ.

ತೂಕ ಕೇಳಿದ್ದೆಯಲ್ಲ. ಇಬ್ಬರದೂ ತೊಂಬತ್ನಾಲ್ಕು ಬಂತು, ಅಂದರೆ ಇಪ್ಪತ್ತಮೂರಕ್ಕೆ ಇಳಿದಿದ್ದಾನೆ. ಲಾಂಡ್ರಿಯವನು ಮುಳ್ಳು ನೋಡಿ ಬೆರಳಲ್ಲಿ ತೋರಿಸಿದ. "ಅಕ್ಕಾ, ವಾರ ವಾರ ಬಂದು ಕೂತ್ಕೋತೀರಿ, ಒಂದಿನ ನಿಮ್ಮನ್ನೂ ಗಂಟು ಕಟ್ಟಿ ಇಸ್ತ್ರಿಗೆ ಹಾಕ್ಬಿಡ್ತೀನಿ" ಎಂದ. ಅವನ ಬಾಯಿ ಮಾತ್ರ ನನಗೆ ಸಲೀಸಾಗಿ ತಿಳಿಯುತ್ತದೆ, ಅವನೂ ಇಡೀ ದಿನ ಯಂತ್ರದ ಸದ್ದಿನಲ್ಲಿ ಬದುಕುವವನು.

ನಾನು ಚೆನ್ನಾಗಿದ್ದೇನೆ. ನನಗೇನಾಗುತ್ತದೆ.

ಅಕ್ಕ


ಮಾರ್ಚ್ ೩೦

ಅಕ್ಕಾ,

ಎರಡು ತಿಂಗಳಿಗೆ ಮೂರು ಕೆಜಿ ಇಳಿಯುವುದು ಚೆಲ್ಲಾಟದ ಮಾತಲ್ಲ. ಅಡುಗೆಯವರು ಕೇಳಿದ ತಕ್ಷಣ ಸೌಟು ಕೆಳಗಿಟ್ಟರು. ಹಿಂಗಾಲಿನ ಮಾಂಸ ಕರಗುತ್ತಿದೆಯಂತೆ. ಮಾಂಸ ಹೋದರೆ ಕೀಲಿಗೆ ಆಸರೆ ಇಲ್ಲ, ಆಗ ಯಾವ ಡಬ್ಬ ತಂದರೂ ನೀರಿನಲ್ಲಿ ಹಾಕಿದ ಹಾಗೆ.

ಆದ್ದರಿಂದ ಎರಡು ಕೆಲಸ ಮಾಡು. ಅವನೀಗ ಇಪ್ಪತ್ತೈದರ ಒಳಗೆ ಬಂದ, ಹಾಗಾಗಿ ಮಾತ್ರೆ ದಿನಕ್ಕೆ ಒಂದೇ ಸಾಕು, ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ. ಎರಡನೆಯದು, ಊಟ ಹೆಚ್ಚಿಸು. ದಿನಕ್ಕೆ ಎರಡು ಮೊಟ್ಟೆ, ಬೇಯಿಸಿದ ಕೋಳಿ, ರಾತ್ರಿ ಹಾಲು. ನಾಯಿಗೆ ಇಷ್ಟೆಲ್ಲ ಯಾಕೆ ಎಂದು ಮುಖ ಗಂಟಿಕ್ಕಬೇಡ.

ಇಲ್ಲಿ ಹೀರುಕೊಳವೆಯಲ್ಲಿ ಕಲ್ಲು ಸಿಕ್ಕಿ ಮೂರು ದಿನ ಕೆಲಸ ನಿಂತಿತ್ತು. ಕೈಯೆಲ್ಲ ಕಿತ್ತುಹೋಗಿದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ತಮ್ಮ


ಮೇ ೧೪

ತಮ್ಮಾ,

ಬರೆಯುವುದು ತಡವಾಯಿತು. ಪೇಟೆಯ ಆ ಕೊನೆಗೆ ಸ್ವಲ್ಪ ಕೆಲಸವಿತ್ತು, ಮೂರು ನಾಲ್ಕು ಸಲ ಹೋಗಿಬರಬೇಕಾಯಿತು. ವಿಶೇಷವೇನಿಲ್ಲ.

ನೀನು ಹೇಳಿದಂತೆ ಎಲ್ಲ ಮಾಡುತ್ತಿದ್ದೇನೆ. ಒಂದು ಮಾತ್ರೆ, ಎರಡು ಮೊಟ್ಟೆ, ಕೋಳಿ, ಹಾಲು. ನನ್ನ ಪಾಲಿನದನ್ನೂ ಅವನಿಗೇ ಹಾಕುತ್ತೇನೆ, ನನಗೆ ಈಚೆಗೆ ತಿಂದದ್ದು ಹಿಡಿಸುವುದಿಲ್ಲ, ಬಿಸಿಲು ಜಾಸ್ತಿ. ತಟ್ಟೆ ನೆಕ್ಕಿ ನೆಕ್ಕಿ ಗೋಡೆಯವರೆಗೆ ತಳ್ಳಿಕೊಂಡು ಹೋಗುತ್ತಾನೆ. ಆದರೂ ನಿನ್ನೆ ಇಬ್ಬರೂ ಸೇರಿ ತೊಂಬತ್ತು. ಅವನು ಹತ್ತೊಂಬತ್ತು. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿದೆಯೋ ಕಾಣೆ. ಕಣ್ಣಿಗೆ ನೋಡಿದರೆ ಮೈ ತುಂಬಿಕೊಂಡಂತೆಯೇ ಕಾಣುತ್ತಾನೆ, ಪಕ್ಕೆಲುಬು ಕೈಗೆ ಸಿಗುವುದಿಲ್ಲ. ತಕ್ಕಡಿ ಬೇರೆಯೇ ಹೇಳುತ್ತದೆ.

ಟವೆಲ್ಲಿನಿಂದ ಈಗ ಆಗುವುದಿಲ್ಲ. ನಾನು ಮೆಟ್ಟಿಲ ಮೇಲೆ ಕೂತು, ಅವನನ್ನು ತೊಡೆಗೆ ಎಳೆದುಕೊಂಡು, ಒಂದೊಂದೇ ಮೆಟ್ಟಿಲು ಜಾರುತ್ತ ಇಳಿಯುತ್ತೇವೆ. ಹತ್ತುವಾಗ ಲಾಂಡ್ರಿಯವನು ಹೊತ್ತು ತರುತ್ತಾನೆ. "ಏನಕ್ಕಾ, ಈ ಹೆಣಭಾರ" ಎಂದು ಏದುಸಿರು ಬಿಡುತ್ತಾನೆ. ಹತ್ತೊಂಬತ್ತು ಕೆಜಿಗೆ ಇಷ್ಟು ಆಡುವವನು ದಿನವಿಡೀ ಗಂಟು ಹೊರುವುದು ಹೇಗೋ.

ಇವನ ಕಾಲು ನಿಲ್ಲುವುದಿಲ್ಲವೇನೋ ಎಂದು ಮೊದಲ ಸಲ ಅನ್ನಿಸುತ್ತಿದೆ. ಬೇರೆ ಡಬ್ಬ ಯಾವುದಾದರೂ ಇದ್ದರೆ ಹೇಳು.

ಅಕ್ಕ


ಜೂನ್ ೨

ಅಕ್ಕಾ,

ಕಾಗದವನ್ನು ಅಡುಗೆಯವರಿಗೂ ಓದಿ ಹೇಳಿದೆ. ಇಪ್ಪತ್ತಾರು ಕೆಜಿಯ ನಾಯಿ ನಾಲ್ಕು ತಿಂಗಳಿಗೆ ಹತ್ತೊಂಬತ್ತಾಗಿದೆ. ಮೈ ತುಂಬಿದಂತೆ ಕಾಣುವುದು ಕೂದಲು, ಇಲ್ಲವೇ ಹೊಟ್ಟೆಯಲ್ಲಿ ನೀರು. ಅಡುಗೆಯವರ ಒಂದು ನಾಯಿ ಹೀಗೇ ಊದಿಕೊಂಡು ಹೋಯಿತಂತೆ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಅವನಿಗೆ ನಿಜವಾಗಿ ಹೊಟ್ಟೆಗೆ ಹಾಕುತ್ತಿದ್ದೀಯಾ? ನಿನಗೆ ಮೊದಲಿಂದಲೂ ನಾಯಿ ಬೇಡವಾಗಿತ್ತು. ನಾನು ಗಂಟು ಹಾಕಿ ಹೋದೆ. ಪೇಟೆಯ ಕೆಲಸ ಎಂದು ಹೋದ ದಿನಗಳಲ್ಲಿ ಅವನಿಗೆ ಯಾರು ಊಟ ಹಾಕುತ್ತಿದ್ದರು ಎಂದು ನೀನು ಬರೆದಿಲ್ಲ. ಅಷ್ಟು ಮುಖ್ಯವಾದ ಕೆಲಸ ಏನಿತ್ತು?

ಸಣ್ಣ ನಾಯಿಯ ಡಬ್ಬಕ್ಕೆ ಬದಲಿಸು, ಅದರಲ್ಲಿ ಮೀನೆಣ್ಣೆಯೂ ಇರಲಿ. ಆದರೆ ಮೊದಲು ಹೇಗಾದರೂ ಮಾಡಿ ವೈದ್ಯೆಯ ಹತ್ತಿರ ಕರೆದುಕೊಂಡು ಹೋಗು. ಇನ್ನು ತಡಮಾಡಿದರೆ ಅವನು ನನಗೆ ಸಿಗುವುದಿಲ್ಲ.

ತಮ್ಮ


ಜೂನ್ ೨೧

ತಮ್ಮನಿಗೆ,

ಕಾಗದವನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಮನಸ್ಸಾಗಲಿಲ್ಲ. ನಿನಗೆ ಹೊಟ್ಟೆಗೆ ಹಾಕಿ ಬೆಳೆಸಿದವಳೂ ನಾನೇ, ನೆನಪಿದ್ದರೆ ಸರಿ.

ಲಾಂಡ್ರಿಯವನ ಕೈಗಾಡಿಯಲ್ಲಿ ಬಟ್ಟೆಗಂಟುಗಳ ನಡುವೆ ಕೂರಿಸಿ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ರಾಜನಂತೆ ಎಲ್ಲರ ಮುಖ ನೋಡುತ್ತ ಕೂತಿದ್ದ. ಅಲ್ಲಿ ನೆಲಕ್ಕೆ ಸಮನಾದ ತಕ್ಕಡಿ ಇದೆ, ಮಲಗಿದ್ದಂತೆಯೇ ತೂಗಿದರು. ಮೂವತ್ತೆರಡು ಕೆಜಿ.

ವೈದ್ಯೆ ಕನ್ನಡಕ ತೆಗೆದು ನನ್ನನ್ನೇ ನೋಡಿದಳು, ಆಮೇಲೆ ಕಿವಿಯ ಹತ್ತಿರ ಬಂದು ಕೂಗಿದಳು: "ಯಾರಮ್ಮ ಹೇಳಿದ್ದು ಇಷ್ಟು ತಿನ್ಸೋಕೆ? ಈ ಸೊಂಟದ ಮೇಲೆ ಆರು ಕೆಜಿ ಹೊರಿಸಿದ್ದೀರಿ. ನಿಮ್ಮ ಡಬ್ಬಗಳಿಂದ ಆಗೋದು ಅಷ್ಟಕ್ಕಷ್ಟೇ. ಆ ಆರು ಕೆಜಿ ಏರದೇ ಇದ್ದಿದ್ರೆ ಇವನು ನಡೀತಿದ್ದ." ನಾನು ಕೇಳಿದೆ, ಈಗ ಇಳಿಸಿದರೆ? "ನೋಡೋಣ" ಎಂದಳು. ನೋಡೋಣ ಎನ್ನುವಾಗ ನೋಡಿದ್ದು ಗೋಡೆಯ ಕಡೆಗೆ. ಮಾತ್ರೆಯೂ ಅರ್ಧಕ್ಕರ್ಧ ಕಡಿಮೆ ಕೊಟ್ಟಿದ್ದೇವಂತೆ. ನಿನ್ನ ಅಡುಗೆಯವರಿಗೆ ತಿಳಿಸು.

ಮನೆಗೆ ಬಂದು ಲಾಂಡ್ರಿಯವನ ಮೇಲೆ ಹರಿಹಾಯ್ದೆ, ನಿನ್ನ ತಕ್ಕಡಿ ನನ್ನ ನಾಯಿಯ ಕಾಲು ತೆಗೆಯಿತು ಎಂದೆ. ಅವನು ಒಳಗಿಂದ ಇಪ್ಪತ್ತು ಕೆಜಿಯ ಕಬ್ಬಿಣದ ಬಟ್ಟು ತಂದು ಹಲಗೆಯ ಮೇಲಿಟ್ಟ. ಮುಳ್ಳು ಇಪ್ಪತ್ತಕ್ಕೇ ನಿಂತಿತು. ನನಗೆ ತಲೆಬುಡ ಒಂದೂ ತಿಳಿಯುತ್ತಿಲ್ಲ.

ಅಕ್ಕ


ಜುಲೈ ೮

ಅಕ್ಕಾ,

ತಕ್ಕಡಿ ಸರಿಯಾಗಿಯೇ ಇದೆ.

ಮೇ ತಿಂಗಳಲ್ಲಿ ಇಬ್ಬರೂ ಸೇರಿ ತೊಂಬತ್ತು ಎಂದು ಬರೆದಿದ್ದೆ. ಅದರಲ್ಲಿ ಜಮಾದಾರ ಸುಮಾರು ಮೂವತ್ತೆರಡು. ಉಳಿದದ್ದು ಐವತ್ತೆಂಟು. ಅದು ನೀನು. ಕರಗುತ್ತಿದ್ದದ್ದು ಅವನಲ್ಲ, ನೀನು. ನಾನಿಲ್ಲಿ ಕೂತು ನಿನ್ನ ಮೈಯನ್ನು ಅವನ ಲೆಕ್ಕಕ್ಕೆ ಬರೆದುಕೊಂಡು, ಇನ್ನಷ್ಟು ತಿನ್ನಿಸು ಎಂದು ಬುದ್ಧಿ ಹೇಳುತ್ತಿದ್ದೆ.

ಪೇಟೆಯ ಆ ಕೊನೆಯಲ್ಲಿ ಇರುವುದು ದೊಡ್ಡಾಸ್ಪತ್ರೆ. ನನಗೆ ಆಗಲೇ ಹೊಳೆಯಬೇಕಿತ್ತು. ಏನು ಹೇಳಿದರು ಎಂದು ಬರೆ. ಮುಚ್ಚಿಡಬೇಡ.

ತಮ್ಮ


ಜುಲೈ ೨೭

ತಮ್ಮಾ,

ಬಟ್ಟೆ ಸಡಿಲವಾಗುತ್ತಿರುವುದು ನನಗೆ ಗೊತ್ತಿತ್ತು. ಎರಡು ಸಲ ಹೊಲಿಗೆ ಒಳಕ್ಕೆ ಹಾಕಿಸಿದೆ. ಆದರೆ ಅದನ್ನೂ ತಕ್ಕಡಿಯನ್ನೂ ಸೇರಿಸಿ ನೋಡುವ ಬುದ್ಧಿ ಬರಲಿಲ್ಲ. ಎಪ್ಪತ್ತೊಂದು ಎನ್ನುವುದು ನನ್ನ ಹೆಸರಿನ ಹಾಗೆ ತಲೆಯಲ್ಲಿ ಕೂತುಬಿಟ್ಟಿತ್ತು.

ಹೊಟ್ಟೆಯಲ್ಲಿ ಗಡ್ಡೆ. ಏಪ್ರಿಲ್‌ನಲ್ಲೇ ಅನುಮಾನ ಪಟ್ಟರು, ಜೂನ್ ಕೊನೆಗೆ ಹೌದು ಎಂದರು. ಪಿತ್ತಕೋಶಕ್ಕೂ ಹೋಗಿದೆಯಂತೆ. ಕೊಯ್ದು ತೆಗೆಯುವ ಹಂತ ದಾಟಿದೆ. ಹಾಸಿಗೆ ಖಾಲಿಯಾದ ಕೂಡಲೇ ಹೇಳಿಕಳಿಸುತ್ತೇವೆ, ನೋವಿಗೆ ಬೇಕಾದದ್ದು ಮಾಡುತ್ತೇವೆ ಎಂದಿದ್ದಾರೆ. ನಿನಗೆ ಬರೆಯಲಿಲ್ಲ, ಯಾಕೆಂದರೆ ನೀನು ಆ ನೀರಿನ ನಡುವೆ ಕೂತು ಮಾಡುವುದಾದರೂ ಏನು. ನಿನಗೆ ಹೇಳದೆ ಇರುವಾಗ ನನಗೂ ಅದು ಅಷ್ಟು ನಿಜ ಅನ್ನಿಸುತ್ತಿರಲಿಲ್ಲ.

ಈಗ ಜಮಾದಾರನ ವಿಷಯ. ವೈದ್ಯೆ ಹೇಳಿದಂತೆ ಊಟ ಕಡಿಮೆ ಮಾಡಿದ್ದೇನೆ, ಬಾಗಿಲ ಹತ್ತಿರ ಮಲಗಿ ನನ್ನ ಜೊತೆ ಠೂ ಬಿಟ್ಟಿದ್ದಾನೆ. ಕಾಲು ಎತ್ತುವುದಿಲ್ಲ. ಹಾಸಿಗೆಯಲ್ಲೇ ಎಲ್ಲ ಆಗುತ್ತದೆ, ಆದಾಗ ನಾಚಿಕೆಯಿಂದ ಮುಖ ತಿರುಗಿಸುತ್ತಾನೆ. ಹೊಸ ಪೂರಕ ಬರೆದುಕೊಟ್ಟಿದ್ದಾಳೆ. ಚಿಕ್ಕ ಡಬ್ಬ ಒಂದು ತಿಂಗಳಿಗೆ, ದೊಡ್ಡದು ನಾಲ್ಕು ತಿಂಗಳಿಗೆ. ಗುಣ ಕಾಣಲು ಎಂಟು ವಾರ ಎಂದು ಇದರ ಮೇಲೂ ಇದೆ. ನಾನು ಅಂಗಡಿಯಲ್ಲಿ ಎರಡೂ ಕೈಯಲ್ಲಿ ಎರಡು ಡಬ್ಬ ಹಿಡಿದು ಸುಮ್ಮನೆ ನಿಂತಿದ್ದೆ. ಹುಡುಗಿ ಬಂದು ಭುಜ ಮುಟ್ಟಿದಳು. ಎರಡನ್ನೂ ಅಲ್ಲೇ ಇಟ್ಟು ಬಂದೆ.

ನಾನು ಆಸ್ಪತ್ರೆ ಸೇರಿದರೆ ಅವನನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಲಾಂಡ್ರಿಯವನು ಕಣ್ಣಲ್ಲಿ ನೀರು ತಂದುಕೊಂಡ, "ಇಡೀ ಅಂಗಡಿ ಬಿಸಿ ಹಬೆ ಅಕ್ಕಾ, ಏಳಲಾರದ ನಾಯೀನ ಎಲ್ಲಿಡ್ಲಿ" ಎಂದ. ಅವನದೇನೂ ತಪ್ಪಿಲ್ಲ. ನಾಯಿಗಳ ಆಶ್ರಯದವರು ನಡೆಯುವ ನಾಯಿಯಾದರೆ ತಗೋತೇವೆ ಎಂದು ಚೀಟಿ ಬರೆದು ತೋರಿಸಿದರು.

ಯಾವ ಡಬ್ಬ ತಗೊಳ್ಳಲಿ, ನೀನೇ ಹೇಳು.

ಅಕ್ಕ


ಆಗಸ್ಟ್ ೧೩

ಅಕ್ಕಾ,

ದೊಡ್ಡ ಡಬ್ಬವನ್ನೇ ತಗೋ. ಅದರಲ್ಲಿ ಮಾತ್ರೆ ಒಡೆಯಲು ನಡುವೆ ಗೆರೆ ಇದೆಯಾ ನೋಡು, ಇಲ್ಲದಿದ್ದರೆ ಪುಡಿಮಾಡಿ ಕೊಡು. ಊಟದ ಜೊತೆಯೇ ಕೊಡಬೇಕು, ಖಾಲಿ ಹೊಟ್ಟೆಗೆ ಬೇಡ. ಮೀನೆಣ್ಣೆ ಬೇರೆ ಕೊಡುತ್ತಿದ್ದರೆ ನಿಲ್ಲಿಸು, ಇದರಲ್ಲೇ ಇರುತ್ತದೆ. ಮಲಗುವ ಜಾಗಕ್ಕೆ ದಪ್ಪ ಹಾಸಿಗೆ ಹಾಕು, ದಿನಕ್ಕೆ ನಾಲ್ಕೈದು ಸಲ ಮಗ್ಗುಲು ಬದಲಿಸು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಹಿಂಗಾಲನ್ನು ಮೆಲ್ಲಗೆ ಮಡಚಿ ಬಿಡಿಸು, ಜೋರು ಮಾಡಬೇಡ.

ಕಂಪನಿಯವರು ಮೊದಲು ಆಗುವುದಿಲ್ಲ ಎಂದರು. ಆಮೇಲೆ ನನ್ನ ಜಾಗಕ್ಕೆ ಒಬ್ಬನನ್ನು ಕಳಿಸಲು ಒಪ್ಪಿದ್ದಾರೆ. ಅವನು ಬರುವ ದೋಣಿಯಲ್ಲೇ ನಾನು ಹೊರಡುತ್ತೇನೆ, ಸೆಪ್ಟೆಂಬರ್ ಎರಡನೆಯ ವಾರಕ್ಕೆ ಮನೆಯಲ್ಲಿರುತ್ತೇನೆ. ನಾನು ಬರುತ್ತಿದ್ದೇನೆ ಎಂದು ಜಮಾದಾರನಿಗೆ ಹೇಳು. ಅಲ್ಲಿಯವರೆಗೆ ಗಟ್ಟಿಯಾಗಿ ಹಿಡಿದುಕೊಂಡಿರಲಿ. ಮೆಟ್ಟಿಲು ಇಳಿಸುವುದು, ಹತ್ತಿಸುವುದು, ಬಟ್ಟೆ ಒಗೆಯುವುದು, ಎಲ್ಲ ನಾನು ಮಾಡುತ್ತೇನೆ. ಅವನು ಏನನ್ನೂ ಮಾಡುವುದು ಬೇಡ, ಸುಮ್ಮನೆ ಇರಲಿ, ಸಾಕು.

ನೀನು ಬರೆದ ಇನ್ನೊಂದು ವಿಷಯಕ್ಕೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಬಂದ ಮೇಲೆ ಮಾತಾಡೋಣ.

ತಮ್ಮ


ಆಗಸ್ಟ್ ೨೫, ಮಂಗಳವಾರ

ತಮ್ಮಾ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಜಮಾದಾರನನ್ನು ನಿನ್ನೆ ಕಳಿಸಿಕೊಟ್ಟೆ.

ಶುಕ್ರವಾರ ಆಸ್ಪತ್ರೆಯಿಂದ ಹೇಳಿಕಳಿಸಿದರು, ಹಾಸಿಗೆ ಬುಧವಾರಕ್ಕೆ ಸಿಗುತ್ತದೆ, ಬಿಟ್ಟರೆ ಮತ್ತೆ ಯಾವಾಗಲೋ ಎಂದು. ನಿನ್ನಿಂದ ಸುದ್ದಿ ಇರಲಿಲ್ಲ. ಶನಿವಾರವೂ, ಅಂಚೆ ಬರುವುದಿಲ್ಲ ಎಂದು ಗೊತ್ತಿದ್ದೂ ಭಾನುವಾರವೂ, ಕೆಳಗಿನ ಪೆಟ್ಟಿಗೆ ನೋಡಿ ಬಾ ಎಂದು ಲಾಂಡ್ರಿಯವನನ್ನು ಕಳಿಸಿದೆ. ಸೋಮವಾರ ಬೆಳಗ್ಗೆಯೂ ಕಳಿಸಿದೆ. ಬರಿಗೈಯಲ್ಲಿ ಬಂದ.

ವೈದ್ಯೆ ತಾನೇ ಮೆಟ್ಟಿಲು ಹತ್ತಿ ಬಂದಳು. ಅವನನ್ನು ಎಲ್ಲಿಗೂ ಹೊರುವುದು ಬೇಡ ಎಂದಳು. ಅವನಿಗೆ ಮೂರು ಮೊಟ್ಟೆ ಕೊಟ್ಟೆ, ಈಗ ತೂಕದ ಚಿಂತೆ ಯಾರಿಗೆ. ತಿಂದು ಬಾಯಿ ನೆಕ್ಕಿಕೊಂಡು, ಠೂ ಬಿಟ್ಟದ್ದನ್ನು ಮರೆತು, ತಲೆಯನ್ನು ನನ್ನ ತೊಡೆಯ ಮೇಲಿಟ್ಟ. ಸೂಜಿ ಚುಚ್ಚಿದ್ದು ಅವನಿಗೆ ತಿಳಿಯಲಿಲ್ಲ. ನಾನು ಅವನ ಕಿವಿ ಹಿಡಿದುಕೊಂಡಿದ್ದೆ. ಉಸಿರು ನಿಂತದ್ದು ನನಗೆ ಕೇಳಿಸುವುದಿಲ್ಲವಲ್ಲ, ವೈದ್ಯೆ ಕೈ ಅದುಮಿದ ಮೇಲೆ ಗೊತ್ತಾಯಿತು. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಅವಳೂ ಏಳಲಿಲ್ಲ.

ನೀನು ಬರುತ್ತೀಯ ಎಂದು ಒಂದು ದಿನ ಮೊದಲು ಗೊತ್ತಾಗಿದ್ದರೆ ಆ ಹಾಸಿಗೆಯನ್ನು ಬಿಟ್ಟುಕೊಡುತ್ತಿದ್ದೆ. ನಾನು ಮನೆಯಲ್ಲೇ ನರಳಿಕೊಂಡು ಕಾಯುತ್ತಿದ್ದೆ, ಇಬ್ಬರೂ ಕಾಯುತ್ತಿದ್ದೆವು. ನನ್ನ ಮೇಲೆ ಕೋಪ ಮಾಡಿಕೋ ಬೇಕಾದರೆ. ನನಗೂ ನನ್ನ ಮೇಲೆ ಕೋಪವಿದೆ.

ನಾಳೆ ಬೆಳಗ್ಗೆ ಲಾಂಡ್ರಿಯವನು ಕೈಗಾಡಿಯಲ್ಲಿ ನನ್ನನ್ನು ಆಸ್ಪತ್ರೆಗೆ ಬಿಡುತ್ತಾನೆ. ಮನೆಯ ಬೀಗದ ಕೈ ಅವನ ಹತ್ತಿರ ಇರುತ್ತದೆ.

ನಿನ್ನ ಕಾಗದವನ್ನು ಸಂಜೆಯಿಂದ ಓದುತ್ತಿದ್ದೇನೆ. ಹಾಸಿಗೆ ದಪ್ಪ ಹಾಕು, ಮಗ್ಗುಲು ಬದಲಿಸು, ಕಾಲು ಮೆಲ್ಲಗೆ ಬಿಡಿಸು ಎಂದೆಲ್ಲ ಬರೆದಿದ್ದೀಯ. ಬರುವುದು ಯಾರಿಗೋಸ್ಕರ ಎಂದು ಬರೆದಿಲ್ಲ. ಅವನಿಗೋಸ್ಕರವಾದರೆ ಇನ್ನು ಬರುವ ಕೆಲಸವಿಲ್ಲ, ಹಡಗಿನಲ್ಲೇ ಇರು, ಕಂಪನಿಯವರನ್ನು ಎದುರು ಹಾಕಿಕೊಳ್ಳಬೇಡ. ನನಗೋಸ್ಕರವಾದರೆ ಬೇಗ ಬಾ. ನನಗೆ ತುಂಬ ಹೆದರಿಕೆಯಾಗುತ್ತಿದೆ.

ಅಕ್ಕ